ಈಗಿರುವ ಎಸ್‌ಎಂಪಿಎಸ್ ಹೊಸ ಗ್ರಾಫಿಕ್ಸ್ ಕಾರ್ಡನ್ನು ತಾಳಿಕೊಳ್ಳುತ್ತದಾ? ಲೆಕ್ಕದ ಟಿಪ್ಪಣಿ

ಬೇಕಾದ ಅಂಕಿಗಳು ಮೂರೇ: ಎಸ್‌ಎಂಪಿಎಸ್ (ಪಿಸಿಯ ಭಾಗಗಳಿಗೆ ಕರೆಂಟ್ ಕೊಡುವ ಪವರ್ ಸಪ್ಲೈ ಪೆಟ್ಟಿಗೆ) 12 ವೋಲ್ಟ್‌ನಲ್ಲಿ ಕೊಡಬಲ್ಲ ವ್ಯಾಟ್, ಹೊಸ ಕಾರ್ಡ್ ಎಳೆಯುವ ವ್ಯಾಟ್, ಪ್ರೊಸೆಸರ್ ಪೂರ್ತಿ ಓಡುವಾಗ ಎಳೆಯುವ ವ್ಯಾಟ್. ಮಾಡೆಲ್ ಹೆಸರಿನಲ್ಲಿರುವ 500, 550 ಎಂಬ ಸಂಖ್ಯೆಯನ್ನು ಲೆಕ್ಕಕ್ಕೆ ತರಬೇಡಿ. ಅದರಲ್ಲಿ 3.3 ಮತ್ತು 5 ವೋಲ್ಟ್‌ನ ಪಾಲೂ ಸೇರಿರುತ್ತದೆ. ಕಾರ್ಡ್, ಪ್ರೊಸೆಸರ್ ಎರಡಕ್ಕೂ ಬೇಕಾಗಿರುವುದು 12 ವೋಲ್ಟ್.

ಸ್ಟಿಕ್ಕರ್ ಓದುವುದು

ಪ್ಲಗ್ ಕಿತ್ತು, ಕೇಸಿನ ಪಕ್ಕದ ಮುಚ್ಚಳ ತೆಗೆದರೆ ಎಸ್‌ಎಂಪಿಎಸ್ ಮೇಲಿನ ಸ್ಟಿಕ್ಕರ್ ಸಿಗುತ್ತದೆ. 12 ವೋಲ್ಟ್‌ಗೆ ಒಂದೇ ಕಾಲಂ ಇದ್ದರೆ ಕೆಲಸ ಸುಲಭ, ಆಂಪ್ ಅನ್ನು 12ರಿಂದ ಗುಣಿಸಿ. 34 ಆಂಪ್ ಇದ್ದರೆ 408 ವ್ಯಾಟ್.

ಎರಡು ಕಾಲಂ ಇದ್ದಾಗ ತಪ್ಪಾಗುತ್ತದೆ. ಇದನ್ನು ನಿಧಾನವಾಗಿ ನೋಡೋಣ. ಉದಾಹರಣೆಗೆ 500 ವ್ಯಾಟ್ ಎಂದು ಬರೆದಿರುವ ಒಂದು ಎಸ್‌ಎಂಪಿಎಸ್ ಘಟಕ. ಮೊದಲ 12 ವೋಲ್ಟ್ ಕಾಲಂನಲ್ಲಿ 18 ಆಂಪ್, ಎರಡನೆಯದರಲ್ಲೂ 18 ಆಂಪ್. ಕೂಡಿದರೆ 36 ಆಂಪ್, ಅಂದರೆ 432 ವ್ಯಾಟ್ ಅನ್ನಿಸುತ್ತದೆ. ಆದರೆ ಅವೇ ಕಾಲಂಗಳ ಕೆಳಗೆ, ಎರಡಕ್ಕೂ ಸೇರಿದ ಒಂದೇ ಚೌಕದಲ್ಲಿ, ಸಣ್ಣ ಅಕ್ಷರದಲ್ಲಿ 384 ವ್ಯಾಟ್ ಎಂದಿರುತ್ತದೆ. ನಿಜವಾದ ಸಾಮರ್ಥ್ಯ ಆ 384. ಅದು 32 ಆಂಪ್‌ಗೆ ಸಮ, 36ಕ್ಕಲ್ಲ.

ಯಾಕೆ ಹೀಗೆ? ಒಳಗೆ 12 ವೋಲ್ಟ್ ತಯಾರಾಗುವುದು ಒಂದೇ ಟ್ರಾನ್ಸ್‌ಫಾರ್ಮರಿನಿಂದ. ಆಮೇಲೆ ತಂತಿಗಳನ್ನು ಎರಡು ಗುಂಪು ಮಾಡಿ, ಪ್ರತಿ ಗುಂಪಿಗೂ ಒಂದು ಮಿತಿ ಇಡುತ್ತಾರೆ. ಒಂದೇ ಟ್ಯಾಂಕಿಗೆ ಎರಡು ನಲ್ಲಿ ಇದ್ದ ಹಾಗೆ. ಒಂದೊಂದು ನಲ್ಲಿಯೂ ತಾನೊಂದೇ ತೆರೆದಾಗ 18ರವರೆಗೆ ಬಿಡುತ್ತದೆ, ಎರಡನ್ನೂ ತಿರುಗಿಸಿದರೆ ಟ್ಯಾಂಕಿನಿಂದ ಬರುವ ಪೈಪು 32ಕ್ಕಿಂತ ಹೆಚ್ಚು ಕೊಡುವುದಿಲ್ಲ. ಹಾಗಾಗಿ 18 ಎಂಬುದು ಗುಂಪಿನ ಮಿತಿ, 384 ಎಂಬುದು ಮೂಲದ ಮಿತಿ. ಕಾಲಂಗಳನ್ನು ಎಂದೂ ಕೂಡಬೇಡಿ, ಕೆಳಗಿನ ಚೌಕವನ್ನೇ ಹುಡುಕಿ.

ಈ ತಪ್ಪು ತೀರ್ಮಾನವನ್ನೇ ತಿರುಗಿಸಿಬಿಡುತ್ತದೆ. ಪ್ರೊಸೆಸರ್ ಇಂಟೆಲ್‌ನ ಐ5-12400 ಎಂದುಕೊಳ್ಳಿ. ಅದರ ಹೆಸರಿನ ಜೊತೆ ಬರುವ 65 ವ್ಯಾಟ್ ಮೂಲ ವೇಗದ್ದು, ಟರ್ಬೊದಲ್ಲಿ, ಅಂದರೆ ವೇಗ ಏರಿಸಿಕೊಂಡು ಓಡುವಾಗ, 117. ಲೆಕ್ಕಕ್ಕೆ 117 ಹಿಡಿಯಿರಿ. ಮದರ್‌ಬೋರ್ಡ್, ರ್‍ಯಾಮ್, ಎಸ್‌ಎಸ್‌ಡಿ, ಫ್ಯಾನ್‌ಗಳಿಗೆ ಒಟ್ಟು 50. ಇದರಲ್ಲಿ ಒಂದಷ್ಟು 3.3 ಮತ್ತು 5 ವೋಲ್ಟ್‌ನಿಂದ ಹೋಗುತ್ತದೆ, ಆದರೂ ಪೂರ್ತಿ 12ರ ಲೆಕ್ಕಕ್ಕೇ ಹಾಕಿದರೆ ತಪ್ಪು ಸುರಕ್ಷಿತ ಕಡೆಗೇ ಬೀಳುತ್ತದೆ. ಈಗ ಆರ್‌ಟಿಎಕ್ಸ್ 3070 ಕಾರ್ಡ್, 220 ವ್ಯಾಟ್. ಒಟ್ಟು 387. ಕೂಡಿ ತೆಗೆದ 432ರ ಪ್ರಕಾರ ಪಾಸ್, ನಿಜವಾದ 384ರ ಪ್ರಕಾರ ಫೇಲ್.

ಅದೇ ಘಟಕಕ್ಕೆ 170 ವ್ಯಾಟ್‌ನ ಆರ್‌ಟಿಎಕ್ಸ್ 3060 ಹಾಕಿದರೆ ಒಟ್ಟು 337, ಅಂದರೆ ಸುಮಾರು 88 ಶೇಕಡಾ. ಓಡಬಹುದು, ಆದರೆ ಇಕ್ಕಟ್ಟು. 115 ವ್ಯಾಟ್‌ನ ಆರ್‌ಟಿಎಕ್ಸ್ 4060 ಆದರೆ 282, ಸುಮಾರು 73 ಶೇಕಡಾ. ನೆಮ್ಮದಿಯಾಗಿ ಹಾಕಬಹುದು. ಒಟ್ಟು ಮೊತ್ತ 12 ವೋಲ್ಟ್ ಸಾಮರ್ಥ್ಯದ 80 ಶೇಕಡಾ ಒಳಗಿರಲಿ. ನಾಲ್ಕಾರು ವರ್ಷ ಓಡಿದ ಘಟಕವಾದರೆ ಇನ್ನೂ ಕಡಿಮೆ ಇಟ್ಟುಕೊಳ್ಳಿ, ಒಳಗಿನ ಕೆಪಾಸಿಟರ್‌ಗಳು ಬಿಸಿಗೆ ಸೊರಗಿರುತ್ತವೆ.

ಉಳಿಸುವ ಆ 20 ಶೇಕಡಾ ದಂಡವಲ್ಲ. ಕಾರ್ಡಿನ ವ್ಯಾಟ್ ಎಂಬುದು ಸರಾಸರಿ. ಕೆಲವು ಮಿಲಿಸೆಕೆಂಡುಗಳ ಮಟ್ಟಿಗೆ ಅದು ಸರಾಸರಿಯನ್ನು ಬಹಳವೇ ದಾಟಿ ಜಿಗಿಯುತ್ತದೆ. ದೊಡ್ಡ ಕಾರ್ಡುಗಳಲ್ಲಿ ಈ ಜಿಗಿತ ಜೋರು. ಅದಕ್ಕೇ ಪಿಸಿ ಎಸ್‌ಎಂಪಿಎಸ್‌ಗಳ 2022ರ ಎಟಿಎಕ್ಸ್ 3.0 ಮಾನದಂಡವು, 16 ಪಿನ್‌ನ ಹೊಸ ಕನೆಕ್ಟರ್ ಇರುವ ದೊಡ್ಡ ಘಟಕಗಳು ತಮ್ಮ ಸಾಮರ್ಥ್ಯದ ಎರಡು ಪಟ್ಟನ್ನು 100 ಮೈಕ್ರೋಸೆಕೆಂಡ್ ತಾಳಿಕೊಳ್ಳಬೇಕೆಂದು ಹೇಳಿತು.

80 ಪ್ಲಸ್ ಗೊಂದಲ

80 ಪ್ಲಸ್ ಎಂಬುದು ಎಸ್‌ಎಂಪಿಎಸ್‌ನ ದಕ್ಷತೆಗೆ ಕೊಡುವ ಪ್ರಮಾಣಪತ್ರ. "85 ಶೇಕಡಾ ದಕ್ಷತೆ, ಹಾಗಾದರೆ 500ರಲ್ಲಿ 425 ಮಾತ್ರ ಸಿಗುತ್ತದೆ" ಎನ್ನುವುದು ತಪ್ಪು. ಸ್ಟಿಕ್ಕರ್‌ನ ವ್ಯಾಟ್ ಒಳಗಿನ ಭಾಗಗಳಿಗೆ ಸಿಗುವುದು. ದಕ್ಷತೆಯ ನಷ್ಟ ಗೋಡೆಯ ಕಡೆಯದು: 500 ಕೊಡಲು ಅದು ಗೋಡೆಯಿಂದ ಸುಮಾರು 588 ಎಳೆಯುತ್ತದೆ. ಸಾಕೆಟ್ಟಿಗೆ ಹಾಕುವ ವ್ಯಾಟ್ ಮೀಟರ್ 400 ತೋರಿಸಿದರೆ, 85 ಶೇಕಡಾ ದಕ್ಷತೆಯಲ್ಲಿ ಎಸ್‌ಎಂಪಿಎಸ್ ಕೊಡುತ್ತಿರುವುದು ಸುಮಾರು 340.

ಕನೆಕ್ಟರ್‌ಗಳು

ವ್ಯಾಟ್ ಸಾಕಾದರೂ ಪ್ಲಗ್ ಇಲ್ಲದಿದ್ದರೆ ಅಪ್‌ಗ್ರೇಡ್ ಅಲ್ಲಿಗೇ ನಿಂತಿತು. ಕಾರ್ಡಿಗೆ ಮದರ್‌ಬೋರ್ಡಿನ ಸ್ಲಾಟ್‌ನಿಂದ ಹೆಚ್ಚೆಂದರೆ 75 ವ್ಯಾಟ್, 6 ಪಿನ್‌ನಿಂದ 75, 8 ಪಿನ್‌ನಿಂದ 150. ಕಾರ್ಡ್ ಕೇಳುವ ಪ್ಲಗ್ ಎಸ್‌ಎಂಪಿಎಸ್‌ನಲ್ಲೇ ಇರಬೇಕು.

ಸಾಟಾದಿಂದ (ಹಾರ್ಡ್‌ಡಿಸ್ಕ್, ಎಸ್‌ಎಸ್‌ಡಿಗಳಿಗೆ ಕರೆಂಟ್ ಕೊಡುವ ಪ್ಲಗ್) 6 ಪಿನ್‌ಗೆ ಬದಲಿಸುವ ಅಡಾಪ್ಟರ್ ಮಾತ್ರ ಬೇಡವೇ ಬೇಡ. ಸಾಟಾ ಪ್ಲಗ್‌ನಲ್ಲಿ 12 ವೋಲ್ಟ್‌ಗೆ ಮೂರು ಪಿನ್, ತಲಾ 1.5 ಆಂಪ್, ಒಟ್ಟು 54 ವ್ಯಾಟ್. ಕಾರ್ಡ್ 75 ಕೇಳಿದರೆ ಪ್ಲಾಸ್ಟಿಕ್ ಕರಗಬಹುದು.

ಪ್ರೊಸೆಸರಿನ 8 ಪಿನ್ ಸಾಮಾನ್ಯವಾಗಿ 4+4 ಆಗಿ ಸೀಳುತ್ತದೆ, ಕಾರ್ಡಿನದು 6+2 ಆಗಿ. ಎರಡರಲ್ಲೂ 12 ವೋಲ್ಟ್ ಮತ್ತು ಗ್ರೌಂಡ್ ಪಿನ್‌ಗಳ ಜಾಗ ಬೇರೆ, ಒತ್ತಿ ತೂರಿಸಬೇಡಿ. ಮಾಡ್ಯುಲರ್ (ಎಸ್‌ಎಂಪಿಎಸ್‌ನಿಂದ ಕಳಚಬಹುದಾದ) ಕೇಬಲ್ಲುಗಳನ್ನು ಒಂದು ಘಟಕದಿಂದ ಇನ್ನೊಂದಕ್ಕೆ ಎರವಲು ತರುವುದೂ ಬೇಡ. ಪ್ಲಗ್ ಕೂತರೂ ಎಸ್‌ಎಂಪಿಎಸ್ ಕಡೆಯ ಪಿನ್ ಕ್ರಮ ಬೇರೆ ಇದ್ದು ಭಾಗಗಳು ಸುಟ್ಟುಹೋಗಬಹುದು. ಕಾರ್ಡಿಗೆ ಎರಡು 8 ಪಿನ್ ಬೇಕಿದ್ದರೆ ಎರಡು ಬೇರೆ ಕೇಬಲ್ ಎಳೆಯಿರಿ.

ಹಾಕಿದ ಮೇಲೆ

ಪ್ರೊಸೆಸರ್ ಮತ್ತು ಕಾರ್ಡ್ ಎರಡಕ್ಕೂ ಒಟ್ಟಿಗೆ ಅರ್ಧ ಗಂಟೆ ಭಾರ ಕೊಡಿ. 12 ವೋಲ್ಟ್ 11.4ರಿಂದ 12.6ರ ನಡುವೆ ಇರಬೇಕು. ಸಾಫ್ಟ್‌ವೇರ್ ತೋರಿಸುವ ಅಂಕಿ ಸುಮಾರಿನದು, ಅನುಮಾನ ಬಂದರೆ ಮಲ್ಟಿಮೀಟರ್ ಹಿಡಿಯಿರಿ. ಭಾರ ಬಿದ್ದ ಕೂಡಲೇ ಇಡೀ ಪಿಸಿ ಫಕ್ಕನೆ ಆರಿ, ಹಿಂದಿನ ಸ್ವಿಚ್ ಆಫ್ ಮಾಡಿ ಹಾಕಿದ ಮೇಲಷ್ಟೇ ಏಳುತ್ತಿದ್ದರೆ ಎಸ್‌ಎಂಪಿಎಸ್ ತನ್ನನ್ನು ರಕ್ಷಿಸಿಕೊಳ್ಳುತ್ತಿದೆ ಎಂದರ್ಥ. ಪರದೆ ಮಾತ್ರ ಕಪ್ಪಾಗಿ, ಫ್ಯಾನು ಮತ್ತು ಸದ್ದು ಮುಂದುವರಿದರೆ ಮೊದಲು ಡ್ರೈವರ್ ಮತ್ತು ಕಾರ್ಡಿನ ಪ್ಲಗ್ ನೋಡಿ.