ಬಿಸಿಲಿಗೆ ಸಾಯೋ ಡ್ರಾಕುಲಾ ಪುಸ್ತಕದಲ್ಲಿ ಇಲ್ವೇ ಇಲ್ಲ

ರಕ್ತಪಿಶಾಚಿ ಅಂದ ತಕ್ಷಣ ನಮ್ ತಲೆಗೆ ಬರೋ ಮೊದಲ ರೂಲ್ ಏನು? ಬಿಸಿಲು ತಾಗಿದ್ರೆ ಭಸ್ಮ. ಆದ್ರೆ ಬ್ರಾಮ್ ಸ್ಟೋಕರ್ 1897ರಲ್ಲಿ ತಂದ ‘ಡ್ರಾಕುಲಾ’ ಕಾದಂಬರಿ ಓದಿ ನೋಡಿ, ಡ್ರಾಕುಲಾ ಮಹಾಶಯ ಲಂಡನ್ನಿನ ಪಿಕಡಿಲಿಯಲ್ಲಿ ಹಾಡಹಗಲೇ ನಿಂತ್ಕೊಂಡು ಸಾರೋಟಲ್ಲಿ ಕೂತಿರೋ ಹುಡುಗಿಯನ್ನ ದುರುಗುಟ್ಟಿ ನೋಡ್ತಿರ್ತಾನೆ, ಅವನನ್ನ ಕಂಡು ಕತೆಯ ನಾಯಕ ಜೋನಾಥನ್‌ಗೆ ಕೈಕಾಲು ಬಿದ್ದೋಗುತ್ತೆ, ಡ್ರಾಕುಲಾಗೆ ಮಾತ್ರ ಏನೂ ಆಗಲ್ಲ. ಹಗಲಲ್ಲಿ ಅವನ ಶಕ್ತಿ ಕಮ್ಮಿ, ಬೇಕಂದಾಗೆಲ್ಲ ರೂಪ ಬದಲಿಸೋಕಾಗಲ್ಲ, ಅಷ್ಟೇ. ಕೊನೆಗೆ ಸಾಯೋದೂ ಜೋನಾಥನ್‌ನ ಕುಕ್ರಿ ಮತ್ತೆ ಅವನ ಗೆಳೆಯ ಕ್ವಿನ್ಸಿಯ ಚಾಕು ಏಟಿಗೆ, ಅದೂ ಸೂರ್ಯ ಮುಳುಗೋ ಹೊತ್ತಲ್ಲಿ.

ಹಾಗಾದ್ರೆ ಬಿಸಿಲು ಎಲ್ಲಿಂದ ಬಂತು? 1922ರ ಜರ್ಮನ್ ಮೂಕಿ ಚಿತ್ರ ‘ನೊಸ್ಫೆರಾಟು’ ಇಂದ. ನಿರ್ದೇಶಕ ಮುರ್ನಾವ್ ಟೀಮು ಕಾದಂಬರಿಯ ಹಕ್ಕು ಕೊಳ್ಳದೇ ಹೆಸರುಗಳನ್ನ ಬದಲಿಸಿ, ಡ್ರಾಕುಲಾನ ಓರ್ಲಾಕ್ ಮಾಡಿ ಸಿನಿಮಾ ತೆಗೆದುಬಿಟ್ರು. ಸ್ಟೋಕರ್ ಹೆಂಡತಿ ಫ್ಲಾರೆನ್ಸ್ ಕೇಸ್ ಹಾಕಿ ಪ್ರಿಂಟುಗಳನ್ನೆಲ್ಲ ನಾಶ ಮಾಡಿ ಅಂತ ಆರ್ಡರ್ ತಂದ್ರೂ ಕೆಲವು ಹೇಗೋ ಉಳ್ಕೊಂಡ್ವು. ಕೊನೇ ಸೀನಲ್ಲಿ ಕೋಳಿ ಕೂಗುತ್ತೆ, ಓರ್ಲಾಕ್ ಗಾಬರಿಯಾಗಿ ಎದ್ದು ಕಿಟಕಿ ಹತ್ರ ಬರ್ತಾನೆ, ಬೆಳಕು ಬೀಳುತ್ತೆ, ಹಂಗೇ ಕರಗಿ ಹೋಗ್ತಾನೆ, ನೆಲದ ಮೇಲೆ ಒಂಚೂರು ಹೊಗೆ. ಮಜಾ ಏನಂದ್ರೆ ಆಗಿನ ಫಿಲ್ಮಿಗೆ ಕತ್ತಲಲ್ಲಿ ಚಿತ್ರ ಮೂಡಿಸೋ ತಾಕತ್ತಿರಲಿಲ್ಲ, ಅದಕ್ಕೆ ಹೊರಾಂಗಣದ ರಾತ್ರಿ ಸೀನ್‌ಗಳನ್ನ ಹಗಲಲ್ಲೇ ಶೂಟ್ ಮಾಡಿ ಆಮೇಲೆ ನೀಲಿ ಬಣ್ಣ ಹಾಕ್ತಿದ್ರು, ಬಣ್ಣ ಇಲ್ದಿರೋ ಪ್ರಿಂಟ್ ನೋಡಿದ್ರೆ ಓರ್ಲಾಕ್ ಶವಪೆಟ್ಟಿಗೆ ಹಿಡ್ಕೊಂಡು ಉರಿಬಿಸಿಲಲ್ಲಿ ನಡೀತಿರ್ತಾನೆ!

ಇಷ್ಟಕ್ಕೇ ನಿಂತಿದ್ರೆ ಪರವಾಗಿರಲಿಲ್ಲ. 1985ರಲ್ಲಿ ಡೇವಿಡ್ ಡಾಲ್ಫಿನ್ ಅನ್ನೋ ರಸಾಯನ ವಿಜ್ಞಾನಿ, ರಕ್ತಪಿಶಾಚಿ ಕತೆಗಳ ಹಿಂದೆ ಪಾರ್ಫೈರಿಯಾ ಕಾಯಿಲೆ ಇರಬಹುದು ಅಂದ್ರು. ರಕ್ತದ ಕೆಂಪಿಗೆ ಕಾರಣ ಆಗಿರೋ ಹೀಮ್ ತಯಾರಾಗೋ ದಾರೀಲಿ ಒಂದು ಕಿಣ್ವ ಕೈಕೊಡುತ್ತೆ, ಅರ್ಧಂಬರ್ಧ ತಯಾರಾದ ಪಾರ್ಫೈರಿನ್‌ಗಳು ಶೇಖರವಾಗುತ್ತೆ, ಕೆಲವು ಬಗೆಗಳಲ್ಲಿ ಅವು ಚರ್ಮದಲ್ಲಿ ಬೆಳಕು ಹೀರ್ಕೊಂಡು ಬೊಬ್ಬೆ ಎಬ್ಬಿಸುತ್ತೆ. ಕೇಳೋಕೆ ಚೆನ್ನಾಗಿದೆ, ಪೇಪರ್‌ನೋರಿಗೂ ಹಬ್ಬ. ಆದ್ರೆ ಹೀಮ್ ಸಿಗಲಿ ಅಂತ ರೋಗಿ ರಕ್ತ ಕುಡಿದ್ರೂ ಅದು ಹೊಟ್ಟೇಲಿ ಜೀರ್ಣ ಆಗುತ್ತೆ, ಕಾಯಿಲೆ ವಾಸಿಯಾಗಲ್ಲ. ಅದಕ್ಕಿಂತ ದೊಡ್ಡ ಎಡವಟ್ಟು, ಬಿಸಿಲಿಗೆ ಸಾಯೋದು ಹಳೇ ಜಾನಪದದಲ್ಲಿ ಇರಲಿಲ್ಲ, ಅಂದ್ರೆ ಈ ಥಿಯರಿ ವಿವರಿಸ್ತಿದ್ದಿದ್ದು ಒಂದು ಸಿನಿಮಾದ ಕ್ಲೈಮ್ಯಾಕ್ಸನ್ನ. ಪಾಪ, ನಿಜವಾದ ರೋಗಿಗಳಿಗೆ ಪಿಶಾಚಿ ಅನ್ನೋ ಹಣೆಪಟ್ಟಿ ಬೇರೆ ಅಂಟಿತು.

ಹಳೇ ಜಾನಪದದ ಪಿಶಾಚಿ ಬೇರೇನೇ. 1732ರಲ್ಲಿ ಸರ್ಬಿಯಾದ ಮೆದ್ವೆಜಾ ಹಳ್ಳೀಲಿ ರಕ್ತಪಿಶಾಚಿ ಕಾಟ ಅಂತ ಸೈನ್ಯದ ವೈದ್ಯರೇ ಗೋರಿ ಅಗೆಸಿ ವರದಿ ಬರೆದಿದ್ರು, ಊದಿರೋ ಹೆಣ, ದೇಹದೊಳಗೆ ಹೆಪ್ಪುಗಟ್ಟದ ರಕ್ತ ಅಂತೆಲ್ಲ. ಹೆಣ ಕೊಳೀವಾಗ ಗ್ಯಾಸ್ ತುಂಬಿ ಹೊಟ್ಟೆ ಊದುತ್ತೆ, ಕೆಂಪು ದ್ರವ ಬಾಯಿಂದ ಉಕ್ಕಿ ಬರಬಹುದು, ಚರ್ಮ ಒಣಗಿ ಹಿಂದೆ ಸರಿದಾಗ ಉಗುರು ಬೆಳೆದ ಹಂಗೆ ಕಾಣುತ್ತೆ. ಊರೋರಿಗೆ ಅದು ರಕ್ತ ಕುಡಿದು ಕೊಬ್ಬಿರೋನ ಲಕ್ಷಣ.

ಪುಸ್ತಕದಲ್ಲಿ ನನಗೆ ನಿಜಕ್ಕೂ ಭಯ ಹುಟ್ಟಿಸಿದ್ದು ಮುರ್ನಾವ್ ಪೂರ್ತಿ ಕೈಬಿಟ್ಟಿರೋ ಭಾಗ. ಡ್ರಾಕುಲಾ ರಕ್ತ ಹೀರ್ತಿರೋ ಲೂಸಿ ಅನ್ನೋ ಹುಡುಗಿಗೆ ರಕ್ತ ಕಮ್ಮಿಯಾಗ್ತಿದೆ ಅಂತ ಡಾಕ್ಟರ್ ವಾನ್ ಹೆಲ್ಸಿಂಗ್ ನಾಲ್ಕು ಜನ ಗಂಡಸರ ರಕ್ತ ಒಬ್ಬೊಬ್ಬರದಾಗಿ ಅವಳಿಗೆ ಏರಿಸ್ತಾನೆ, ಮೊದಲನೇ ಹುಡುಗ ಗಟ್ಟಿಮುಟ್ಟಾಗಿದ್ದಾನೆ, ಶುದ್ಧ ರಕ್ತ, ಹೆಪ್ಪುಗಟ್ಟಿಸೋ ನಾರು ತೆಗೆಯೋದೂ ಬೇಡ ಅಂತಾನೆ. ಬ್ಲಡ್ ಗ್ರೂಪ್ ಮಾತೇ ಇಲ್ಲ, ಇರೋಕೂ ಸಾಧ್ಯ ಇಲ್ಲ, ವಿಜ್ಞಾನಿ ಲ್ಯಾಂಡ್‌ಸ್ಟೈನರ್ ಅದನ್ನ ಪ್ರಕಟಿಸಿದ್ದೇ 1901ರಲ್ಲಿ. ಲೂಸಿದು ಓ ಗ್ರೂಪ್ ಅಂದ್ಕೊಳ್ಳಿ, ಅವಳಿಗೆ ಓ ರಕ್ತವೇ ಆಗಬೇಕು, ಬ್ರಿಟನ್ನಲ್ಲಿ ಹತ್ತಿರ ಹತ್ತಿರ ಅರ್ಧ ಜನ ಓ, ಹಾಗಾಗಿ ನಾಲ್ವರದ್ದೂ ಓ ಆಗೋ ಚಾನ್ಸು ಹದಿನಾರರಲ್ಲಿ ಒಂದಕ್ಕಿಂತ ಕಮ್ಮಿ. ಒಬ್ಬನದು ತಪ್ಪಿದ್ರೂ ಬಂದ ರಕ್ತಕಣಗಳು ಒಡೆದು ಕಿಡ್ನಿ ಕೈಕೊಡಬಹುದಿತ್ತು. ಸ್ಟೋಕರ್ ಕತೇಲಿ ಮಾತ್ರ ಮೊದಲ ಮೂರು ಸಲಾನೂ ಅವಳ ಕೆನ್ನೆಗೆ ಬಣ್ಣ ಬರುತ್ತೆ, ಎಲ್ಲರೂ ಡ್ರಾಕುಲಾನ ಬೈತಾರೆ, ಡಾಕ್ಟರ್‌ನ ಯಾರೂ ಕೇಳಲ್ಲ.