911 ಕರೆ ಎತ್ತುವವರು ಗುಮಾಸ್ತರೇ?

911 ಅಮೆರಿಕದ ತುರ್ತು ಸಹಾಯದ ಫೋನ್ ಸಂಖ್ಯೆ. ಅದಕ್ಕೆ ಮೊದಲ ಕರೆ ಹೋದದ್ದು 1968ರ ಫೆಬ್ರವರಿ 16ರಂದು, ಅಲಬಾಮಾದ ಹೇಲಿವಿಲ್ ಎಂಬ ಸಣ್ಣ ಊರಿನಲ್ಲಿ. ಕರೆ ಎತ್ತಿ, ವಿಳಾಸ ಬರೆದುಕೊಂಡು, ಪೊಲೀಸರಿಗೋ ಅಗ್ನಿಶಾಮಕ ದಳಕ್ಕೋ ತಿಳಿಸುವುದಷ್ಟೇ ಈ ಕೆಲಸ ಎಂಬ ಕಲ್ಪನೆ ಇಂದಿಗೂ ಅಳಿದಿಲ್ಲ. ಈ ಆಪರೇಟರ್‌ಗಳಿಗೆ ಸಂಬಳ ಸಾಲದು ಎಂಬ ಜಗಳದ ಬೇರು ಅಲ್ಲಿದೆ.

ಈಗ ಯಾರೋ ಕುಸಿದು ಬಿದ್ದರೆಂದು ಕರೆ ಬಂದಾಗ ಆಪರೇಟರ್ ಮೊದಲು ಕೇಳುವುದು ಸ್ಥಳವನ್ನು. ಬಹುಮಹಡಿ ಕಟ್ಟಡದಲ್ಲಿ ಎಷ್ಟನೇ ಮಹಡಿ ಎಂದು ಮೊಬೈಲ್ ಸಿಗ್ನಲ್ ಹೇಳದೇ ಹೋಗಬಹುದು. ಆಮೇಲೆ ಎರಡು ಪ್ರಶ್ನೆ: ಎಚ್ಚರ ಇದ್ದಾರಾ? ಉಸಿರಾಟ ಸರಿಯಾಗಿದೆಯಾ? ಎರಡಕ್ಕೂ ಇಲ್ಲವೆಂದರೆ ಫೋನಿನಲ್ಲೇ ಎದೆ ಒತ್ತಿಸಬೇಕು, ನಿಮಿಷಕ್ಕೆ 100ರಿಂದ 120 ಸಲ, ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ. ಎಡವಟ್ಟಾಗುವುದು ಎರಡನೇ ಪ್ರಶ್ನೆಯಲ್ಲಿ. ಹೃದಯ ನಿಂತವರು ಕೆಲವೊಮ್ಮೆ ಗೊರಗೊರ ಎಂದು ಏದುಸಿರೆಳೆಯುತ್ತಾರೆ, ಮನೆಯವರು 'ಉಸಿರಾಡ್ತಿದ್ದಾರೆ' ಎನ್ನುತ್ತಾರೆ. ಅದು ಉಸಿರಾಟವಲ್ಲ ಎಂದು ಆಪರೇಟರ್ ದೂರದಿಂದಲೇ ಗುರುತಿಸಬೇಕು.

ಆದರೂ ಅಮೆರಿಕದ ಕೇಂದ್ರ ಸರ್ಕಾರದ ಉದ್ಯೋಗ ವರ್ಗೀಕರಣದ 2018ರ ಪರಿಷ್ಕರಣೆಯಲ್ಲಿ ಇವರ ಹೆಸರು ಬದಲಾಯಿತೇ ಹೊರತು ಗುಂಪು ಬದಲಾಗಲಿಲ್ಲ. 43-5031 ಎಂಬ ಸಂಖ್ಯೆಯಡಿ ಕಚೇರಿ ಸಹಾಯಕರ ಸಾಲಿನಲ್ಲೇ ಉಳಿದರು. ಬಹುತೇಕ ಆಪರೇಟರ್, ಅಂದರೆ ಡಿಸ್ಪ್ಯಾಚರ್‌ಗಳಿಗೆ ಫೋನಿನಲ್ಲಿ ಚಿಕಿತ್ಸೆಯ ಸಲಹೆ ಕೊಡಲು ಅನುಮತಿಯೇ ಇಲ್ಲ ಎಂಬುದು ವರ್ಗೀಕರಣ ಪರಿಷ್ಕರಿಸಿದ ಸಮಿತಿ ಕೊಟ್ಟ ಕಾರಣಗಳಲ್ಲಿ ಒಂದು. ಮೇಲೆ ವಿವರಿಸಿದ ಕೆಲಸದ ಮುಂದೆ ಇದು ನಿಲ್ಲದ ವಾದ. ಅದೇ ವರ್ಗೀಕರಣದಲ್ಲಿ ಈಜುಕೊಳದ ಜೀವರಕ್ಷಕರು, ಪಾರ್ಕಿಂಗ್ ದಂಡ ಹಾಕುವವರು ಮಾತ್ರ ಪೊಲೀಸರ ಜೊತೆ 'ರಕ್ಷಣಾ ಸೇವೆ' ಗುಂಪಿನಲ್ಲಿದ್ದಾರೆ.

2023ರ ಮೇ ತಿಂಗಳ ಸರ್ಕಾರಿ ಅಂಕಿಅಂಶದಂತೆ ಆಪರೇಟರ್‌ಗಳ ಮಧ್ಯಮ ವಾರ್ಷಿಕ ವೇತನ 48,890 ಡಾಲರ್. ಅಗ್ನಿಶಾಮಕರದ್ದು 57,120. ಎಲ್ಲ ಉದ್ಯೋಗ ಸೇರಿಸಿದರೆ 48,060. ವರ್ಗೀಕರಣ ನೇರವಾಗಿ ಸಂಬಳ ನಿಗದಿ ಮಾಡುವುದಿಲ್ಲ, ಅದು ಅಂಕಿಅಂಶಕ್ಕಾಗಿ ಮಾಡಿದ್ದು, ನಿಜ. ಆದರೆ ಕೌಂಟಿಯವರು (ಜಿಲ್ಲೆಯಂಥ ಸ್ಥಳೀಯ ಆಡಳಿತದವರು) ವೇತನ ಶ್ರೇಣಿ ಗೊತ್ತುಮಾಡಲು ಕೂತಾಗ 'ಗುಮಾಸ್ತ' ಎಂಬ ಹಣೆಪಟ್ಟಿ ಕೆಳಗೆಳೆಯುತ್ತದೆ. ಸಂಬಳ ಸಾಲದೆ ಜನ ಬಿಡುತ್ತಾರೆ, ಉಳಿದವರ ಮೇಲೆ ಕಡ್ಡಾಯ ಓವರ್‌ಟೈಮ್ ಬೀಳುತ್ತದೆ, ಅವರೂ ಬಿಡುತ್ತಾರೆ. ಹೊಸಬರು ಒಬ್ಬರೇ ಕೂರುವಂತಾಗಲು ತಿಂಗಳುಗಟ್ಟಲೆ ತರಬೇತಿ ಬೇಕು.

ಲಾಸ್ ಏಂಜಲೀಸ್ ಪೊಲೀಸರಲ್ಲಿ 17 ವರ್ಷ ಡಿಸ್ಪ್ಯಾಚರ್ ಆಗಿದ್ದ ಸಂಸದೆ ನಾರ್ಮಾ ಟೊರೆಸ್ 2019ರಲ್ಲಿ ವರ್ಗೀಕರಣ ಬದಲಿಸುವ ಮಸೂದೆ ತಂದರು, ಆಮೇಲೂ ತಂದರು. ಮುಂದಿನ ಪರಿಷ್ಕರಣೆ 2028ರದ್ದು. ಅದಕ್ಕೆ ಸಲಹೆ ಪಡೆಯುವ ಕೆಲಸ 2024ರಲ್ಲಿ ಶುರುವಾಯಿತು. ಈ ನಡುವೆ ಟೆಕ್ಸಾಸ್ 2019ರಲ್ಲಿ, ಕ್ಯಾಲಿಫೋರ್ನಿಯಾ 2020ರಲ್ಲಿ ಇವರನ್ನು ಕಾನೂನಿನಲ್ಲಿ 'ಮೊದಲು ನೆರವಿಗೆ ಬರುವವರು' ಎಂದು ಒಪ್ಪಿಕೊಂಡವು. ಆದರೆ ಹೊಸ ಹೆಸರಿನಿಂದ ಪೊಲೀಸರ, ಅಗ್ನಿಶಾಮಕರ ಪಿಂಚಣಿ ಸೂತ್ರಕ್ಕೆ ಹಕ್ಕು ಬರುವುದಿಲ್ಲವೆಂದು ಕ್ಯಾಲಿಫೋರ್ನಿಯಾ ಅದೇ ಕಾನೂನಿನಲ್ಲಿ ಸ್ಪಷ್ಟಪಡಿಸಿತು.