ತೂಕದ ಕೋಣೆಯ ಹಳೇ ಲಿನಕ್ಸಿಗೆ ದೂರದ ಫೋಲ್ಡರ್

ಕೊಡಗಿನ ಕುಶಾಲನಗರ, ಸಿದ್ದಾಪುರ, ಗೋಣಿಕೊಪ್ಪದ ಕಡೆ ಕಾಫಿ ತೂಗುವ ಕೋಣೆಯಲ್ಲಿ ಹದಿನೈದು ವರ್ಷದ ಹಳೇ ಪಿಸಿ ಇನ್ನೂ ಓಡುತ್ತಿದ್ದರೆ ಅದು ಬರೀ ಜಿಪುಣತನವಲ್ಲ. ಪೆಟ್ಟಿಗೆಯ ಹಿಂಬದಿ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟ್ ಇರುತ್ತದೆ. ತಕ್ಕಡಿಯ ಇಂಡಿಕೇಟರ್ ಅದರೊಳಗೇ ಅಂಕಿ ಸುರಿಯುತ್ತದೆ. ಆ ಅಂಕಿಯನ್ನು ಓದಿ ಚೀಟಿ ಮುದ್ರಿಸುವ ತಂತ್ರಾಂಶ ಬರೆದವರು ಎಲ್ಲಿದ್ದಾರೋ ಯಾರಿಗೂ ಗೊತ್ತಿಲ್ಲ. ಹಾಗಾಗಿ ಪಿಸಿ ಬದಲಿಸುವಂತಿಲ್ಲ. ಇತ್ತ ಆಫೀಸಿಗೆ ನಾಸ್ ಎಂಬ, ಎಲ್ಲ ಪಿಸಿಗಳ ಕಡತವನ್ನೂ ಒಂದೆಡೆ ಇಡುವ ಹೊಸ ಪೆಟ್ಟಿಗೆ ಬಂದಿದೆ, 50 ಕೆಜಿ ಮೂಟೆಯ ಒಂದೊಂದು ಚೀಟಿಯೂ ಅದರಲ್ಲಿ ಬಂದು ಕೂರಬೇಕು. ತೂಕದ ಪಿಸಿಯಲ್ಲಿರುವುದು ಸೆಂಟ್‌ಓಎಸ್ 5 ಎಂಬ ಹಳೇ ಲಿನಕ್ಸ್ ಎಂದಿಟ್ಟುಕೊಳ್ಳಿ. 2017ರ ಮಾರ್ಚ್ 31ಕ್ಕೇ ಅದಕ್ಕೆ ಬೆಂಬಲ ನಿಂತಿದೆ. ಎರಡಕ್ಕೂ ನಡುವೆ ಕೇಬಲ್ ಇದೆ, ಮಾತಿಲ್ಲ.

ಆ ಮಾತನ್ನು ಆಡುವುದೇ ನೆಟ್‌ವರ್ಕ್ ಫೈಲ್ ಸಿಸ್ಟಂ ಕ್ಲೈಂಟ್. ಚೀಟಿ ಬರೆಯುವ ತಂತ್ರಾಂಶಕ್ಕೆ ಕಡತ ಎಲ್ಲಿದೆ ಎಂಬ ಗೊಡವೆ ಬೇಡ. ‘ತೆರೆ, ಬರೆ, ಮುಚ್ಚು’ ಎಂದು ಕಾರ್ಯವ್ಯವಸ್ಥೆಯ ತಿರುಳಾದ ಕರ್ನಲ್‌ಗೆ ಹೇಳುತ್ತದೆ ಅಷ್ಟೆ. ಕಡತ ಇದೇ ಹಾರ್ಡ್ ಡಿಸ್ಕಿನಲ್ಲಿದೆಯೋ ಆಚೆ ಕಟ್ಟಡದಲ್ಲಿದೆಯೋ ಎಂದು ನೋಡಿ ಕೆಲಸ ಹಂಚುವುದು ಕರ್ನಲ್‌ನ ವಿಎಫ್‌ಎಸ್ ಎಂಬ ಪದರ. ಸನ್ ಮೈಕ್ರೋಸಿಸ್ಟಮ್ಸ್ 1984ರಲ್ಲಿ ಎನ್‌ಎಫ್‌ಎಸ್ ಎಂಬ ನೆಟ್‌ವರ್ಕ್ ಫೈಲ್ ಸಿಸ್ಟಂ ರೂಪಿಸಿದಾಗಿನಿಂದಲೂ ಉಪಾಯ ಇದೇ.

ಸೋರ್ಸನ್ನು (ತಂತ್ರಾಂಶದ ಮೂಲ ಬರಹ) ಓಡುವ ತಂತ್ರಾಂಶವಾಗಿ ಕಟ್ಟುವ ಕಂಪೈಲರ್ ಮುಟ್ಟುವ ಮೊದಲು ಇರುವುದರಲ್ಲೇ ಆಗುತ್ತದೆಯೇ ನೋಡಬೇಕು. ಸೆಂಟ್‌ಓಎಸ್ 5ರ ಕರ್ನಲ್ 2.6.18. ಅದರಲ್ಲಿ ಎನ್‌ಎಫ್‌ಎಸ್ 3ನೇ ಆವೃತ್ತಿಯ ಕ್ಲೈಂಟ್ ಮೊದಲೇ ಇದೆ. ನಾಸ್‌ನ ಸೆಟ್ಟಿಂಗ್‌ನಲ್ಲಿ ಎನ್‌ಎಫ್‌ಎಸ್ 3 ಆನ್ ಮಾಡಿ, ಈ ಕಡೆ ಆವೃತ್ತಿ 3, ಟಿಸಿಪಿ ಎಂದು ಹೇಳಿ ಮೌಂಟ್ ಮಾಡಿದರೆ, ಅಂದರೆ ದೂರದ ಫೋಲ್ಡರನ್ನು ಇಲ್ಲಿಗೆ ಜೋಡಿಸಿದರೆ, ಎಷ್ಟೋ ಕಡೆ ಕೆಲಸ ಅಲ್ಲಿಗೇ ಮುಗಿಯುತ್ತದೆ. ಒಂದೇ ಶೆಡ್ಡಿನೊಳಗಿನ ಕೇಬಲ್ಲಿಗೆ ಇದು ಸಾಕು. ಆದರೆ ಸಾಮಾನ್ಯ ಎನ್‌ಎಫ್‌ಎಸ್ 3ರಲ್ಲಿ ಗೂಢಲಿಪಿ ಇಲ್ಲ, ಬಂದವರ ಐಪಿ ಮತ್ತು ಬಳಕೆದಾರ ಸಂಖ್ಯೆ ನೋಡಿ ನಂಬಿಬಿಡುತ್ತದೆ. ತೋಟದಿಂದ ಪೇಟೆಯ ಆಫೀಸಿಗೆ ಹೋಗುವ ಸಂಪರ್ಕದಲ್ಲಿ ಇದನ್ನು ಹಾಕಬಾರದು.

ವಿಂಡೋಸ್ ಶೇರ್‌ನ ದಾರಿ ಮುಚ್ಚಿದ ಹಾಗೇ. ವಿಂಡೋಸ್ ಶೇರ್ ಆಡುವ ಭಾಷೆ ಎಸ್‌ಎಂಬಿ; 2.6.18ರ ಕ್ಲೈಂಟಿಗೆ ಬರುವುದು ಅದರ 1ನೇ ಆವೃತ್ತಿ ಮಾತ್ರ. ಲಿನಕ್ಸ್ ಕರ್ನಲ್‌ಗೆ ಎಸ್‌ಎಂಬಿ 2 ಬಂದದ್ದು 2012ರ 3.7ರಲ್ಲಿ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಕುತಂತ್ರಾಂಶ ಹರಡಿದ್ದು ಎಸ್‌ಎಂಬಿ 1ರ ತೂತಿನಿಂದ. 2019ರ ಸಾಂಬಾ 4.11 (ಲಿನಕ್ಸಿನಲ್ಲಿ ವಿಂಡೋಸ್ ಶೇರ್ ಕೊಡುವ ತಂತ್ರಾಂಶ) ಅದನ್ನು ತಾನಾಗಿಯೇ ಆಫ್ ಇಟ್ಟುಕೊಂಡು ಬಂತು. ಹಳೇ ಪಿಸಿಗಾಗಿ ಹೊಸ ನಾಸ್‌ನಲ್ಲಿ ಎಸ್‌ಎಂಬಿ 1 ಆನ್ ಮಾಡುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ.

ಇನ್ನೊಂದು ಮಾತು. ಚೀಟಿಗಳು ರಾತ್ರಿ ಒಂದು ಸಲ ಆಚೆ ಹೋದರೆ ಸಾಕು ಅನ್ನುವುದಾದರೆ ಫೈಲ್ ಸಿಸ್ಟಮ್ಮೇ ಬೇಡ, ಕಡತ ನಕಲಿಸುವ ಆರ್‌ಸಿಂಕ್ ಸಾಕು. ದೂರದ ಫೋಲ್ಡರ್ ಇಲ್ಲೇ ಇದ್ದಂತೆ ಕಾಣಲೇಬೇಕು ಎಂದಾದರೆ ಮಾತ್ರ ಮುಂದೆ ಓದಿ.

ಕಂಪೈಲ್ ಮಾಡುವುದರಲ್ಲಿ ಎರಡು ಬಗೆ. ಒಂದು, ಕ್ಲೈಂಟನ್ನು ಕರ್ನಲ್ ಮಾಡ್ಯೂಲ್ ಆಗಿ, ಅಂದರೆ ಕರ್ನಲ್‌ಗೇ ಸೇರುವ ತುಣುಕಾಗಿ, ಕಟ್ಟುವುದು. ಓಪನ್‌ಎಎಫ್‌ಎಸ್ ಎಂಬ ಇನ್ನೊಂದು ನೆಟ್‌ವರ್ಕ್ ಫೈಲ್ ಸಿಸ್ಟಂ ಈ ಜಾತಿಯದು. ಇನ್ನೊಂದು ಫ್ಯೂಸ್. ಇದರಲ್ಲಿ ಕರ್ನಲ್ ತನಗೆ ಬಂದ ಕೋರಿಕೆಯನ್ನು ಒಂದು ಸಾಮಾನ್ಯ ಪ್ರೋಗ್ರಾಮಿನ ಕೈಗೆ ದಾಟಿಸುತ್ತದೆ. ಕೊಡವರ ಐನ್‌ಮನೆಗೆ (ಕುಲದ ಮನೆ) ಬಂದವರನ್ನು ಕೈಯಾಲೆಯಲ್ಲೇ (ಜಗುಲಿ) ಕೂರಿಸಿ ಮಾತಾಡಿಸಿ ಕಳಿಸಿದ ಹಾಗೆ. ಅಲ್ಲಿ ಎಡವಿದರೆ ಆ ಪ್ರೋಗ್ರಾಂ ಮಾತ್ರ ಬೀಳುತ್ತದೆ. ಕರ್ನಲ್ ಮಾಡ್ಯೂಲ್ ನೇರ ನಡುಮನೆಗೇ ಹೋಗುವಂಥದ್ದು, ಅದು ಎಡವಿದರೆ ಇಡೀ ಯಂತ್ರ ನಿಲ್ಲುತ್ತದೆ.

ಮಾಡ್ಯೂಲ್ ಕಟ್ಟಲು ಓಡುತ್ತಿರುವ ಕರ್ನಲ್‌ನ ಹೆಡರ್‌ಗಳೇ (ಅದರ ಒಳರಚನೆ ವಿವರಿಸುವ ಕಡತಗಳು) ಬೇಕು. ‘ಸುಮಾರಾಗಿ ಅದೇ’ ಎಂದರೆ ನಡೆಯದು. ಯಂತ್ರದಲ್ಲಿ 2.6.18-398 ಪಿಎಇ ಓಡುತ್ತಿದ್ದು, ಪಿಎಇ ಅಲ್ಲದ ಸಾದಾ 398ರ ಹೆಡರ್ ಹಾಕಿ ಕಟ್ಟಿದರೆ ಕಂಪೈಲ್ ಸಲೀಸಾಗಿ ಮುಗಿಯುತ್ತದೆ, ಮಾಡ್ಯೂಲ್ ಏರಿಸುವಾಗ ‘ಇನ್‌ವ್ಯಾಲಿಡ್ ಮಾಡ್ಯೂಲ್ ಫಾರ್ಮ್ಯಾಟ್’ ಎಂಬ ಒಂದೇ ಸಾಲು ಬರುತ್ತದೆ. 32 ಬಿಟ್‌ನ ಕರ್ನಲ್ 4 ಜಿಬಿ ರ್‍ಯಾಮ್ ಪೂರ್ತಿ ಬಳಸಲು ಪಿಎಇ ಬೇಕಾಗುವುದರಿಂದ ಈ ಗೊಂದಲ ಅಪರೂಪವಲ್ಲ. ಫ್ಯೂಸ್ ಆದರೆ ಈ ರಗಳೆ ಇಲ್ಲ: 5.4ರಿಂದಾಚೆಗೆ ಸೆಂಟ್‌ಓಎಸ್‌ನ ಕರ್ನಲ್‌ನಲ್ಲೇ ಅದರ ಮಾಡ್ಯೂಲ್ ಬಂದಿದೆ. ಹಾಗಾಗಿ ಆಯ್ಕೆ ಎಸ್‌ಎಸ್‌ಎಚ್‌ಎಫ್‌ಎಸ್, ಎಸ್‌ಎಸ್‌ಎಚ್ ಎಂಬ ಸುರಕ್ಷಿತ ಸಂಪರ್ಕದ ಮೇಲೆ ದೂರದ ಫೋಲ್ಡರ್ ತೋರಿಸುವ ಫ್ಯೂಸ್ ಪ್ರೋಗ್ರಾಂ. ನಾಸ್ ಕಡೆ ಎಸ್‌ಎಸ್‌ಎಚ್ ಇದ್ದರೆ ಮುಗಿಯಿತು, ಹೋಗುವ ಮಾಹಿತಿಗೆ ಗೂಢಲಿಪಿಯೂ ಸಿಕ್ಕಿತು.

ಈಗ ಎಲ್ಲರೂ ಮಾಡುವ ತಪ್ಪು. ತೀರಾ ಹೊಸ ಸೋರ್ಸ್ ಇಳಿಸಿಕೊಳ್ಳುತ್ತಾರೆ. ಎಸ್‌ಎಸ್‌ಎಚ್‌ಎಫ್‌ಎಸ್ 3ಕ್ಕೆ ಫ್ಯೂಸ್ 3 ಬೇಕು, ಕಟ್ಟಲು ಮೆಸಾನ್ ಎಂಬ ಉಪಕರಣ ಬೇಕು, ಮೆಸಾನ್‌ಗೆ ಪೈಥಾನ್ 3 ಬೇಕು. ಇಲ್ಲಿರುವುದು ಪೈಥಾನ್ 2.4. ಒಂದನ್ನು ಎಳೆದರೆ ಹತ್ತು ಬರುತ್ತವೆ. ಸೋರ್ಸ್‌ನ ವಯಸ್ಸು ಯಂತ್ರದ ವಯಸ್ಸಿಗೆ ಹೊಂದಬೇಕು. ಎಸ್‌ಎಸ್‌ಎಚ್‌ಎಫ್‌ಎಸ್ 2.5 ಕೇಳುವುದು ಫ್ಯೂಸ್ 2.3 ಅಥವಾ ಮೇಲಿನದು ಮತ್ತು ಜಿಲಿಬ್ ಎಂಬ ಲೈಬ್ರರಿ, ಅಷ್ಟೇ. ಎರಡೂ ಇಲ್ಲಿವೆ.

ಹಳೆಯದು ತಂದರೆ ಅದರ ಹುಳುಕೂ ಜೊತೆಗೇ ಬರುತ್ತದೆ ಎಂಬುದನ್ನೂ ಮರೆಯಬಾರದು. ಓಪನ್‌ಎಎಫ್‌ಎಸ್ 1.8.6 ಒಳ್ಳೆಯ ಉದಾಹರಣೆ. 2021ರ ಜನವರಿ 14ರ ಮಧ್ಯಾಹ್ನ ನಮ್ಮ ಗಡಿಯಾರದಲ್ಲಿ 1:55 ಆದಾಗ, 1970ರಿಂದ ಎಣಿಸಿದ ಸೆಕೆಂಡುಗಳು 1,61,06,12,736 ತಲುಪಿದವು. ಸಮಯವನ್ನು ನೋಡಿ ಸಂಪರ್ಕ ಸಂಖ್ಯೆ ತಯಾರಿಸುವ ಕೋಡ್ ಅಲ್ಲಿಂದ ತಪ್ಪತೊಡಗಿತು. ಆ ಕ್ಷಣದ ನಂತರ ಶುರುಮಾಡಿದ ಕ್ಲೈಂಟುಗಳು ಸರ್ವರ್ ಜೊತೆ ಮಾತಾಡಲಾರದೆ ನಿಂತವು. ಸರಿಪಡಿಸಿದ್ದು 1.8.7. ಹಳೇ ಸರಣಿ ಆರಿಸಿದರೂ ಅದರ ಕೊನೆಯ ತಿದ್ದುಪಡಿ ಯಾವುದೆಂದು ನೋಡಲೇಬೇಕು.

ಎಸ್‌ಎಸ್‌ಎಚ್‌ಎಫ್‌ಎಸ್‌ಗಿಂತ ದೊಡ್ಡ ತಲೆನೋವು ಅದರ ಕೆಳಗಿನ ಎಸ್‌ಎಸ್‌ಎಚ್. ಸೆಂಟ್‌ಓಎಸ್ 5ರಲ್ಲಿರುವುದು ಓಪನ್‌ಎಸ್‌ಎಸ್‌ಎಚ್ 4.3. ಅದಕ್ಕೆ ಗೊತ್ತಿರುವ ಕೀಲಿ ವಿನಿಮಯದ ವಿಧಾನಗಳೆಲ್ಲ ಶಾ-1 ಎಂಬ, ಈಗ ದುರ್ಬಲವೆನಿಸಿದ ಲೆಕ್ಕದ ಕಾಲದವು. 2020ರ 8.2 ಅವನ್ನು ಪೂರ್ವನಿಯೋಜಿತ ಪಟ್ಟಿಯಿಂದ ತೆಗೆಯಿತು, 2021ರ 8.8 ಶಾ-1ರ ಆರ್‌ಎಸ್‌ಎ ಸಹಿಯನ್ನೂ ನಿಲ್ಲಿಸಿತು. ಹೊಸ ನಾಸ್ ಎದುರು ಹಳೇ ಎಸ್‌ಎಸ್‌ಎಚ್ ಒಂದು ಮಾತೂ ದಾಟುವುದಿಲ್ಲ. ಆದ್ದರಿಂದ ಕಟ್ಟಬೇಕಾದ್ದು ಮೂರು, ಕ್ರಮವಾಗಿ: ಗೂಢಲಿಪಿಯ ಲೈಬ್ರರಿ ಓಪನ್‌ಎಸ್‌ಎಸ್‌ಎಲ್ 1.0.2ಯು, ಓಪನ್‌ಎಸ್‌ಎಸ್‌ಎಚ್ 7.9ಪಿ1, ಆಮೇಲೆ ಎಸ್‌ಎಸ್‌ಎಚ್‌ಎಫ್‌ಎಸ್ 2.5. ಓಪನ್‌ಎಸ್‌ಎಸ್‌ಎಲ್ 1.1 ಯಾಕಲ್ಲ ಎಂದರೆ ಅದನ್ನು ಕಟ್ಟಲು ಪರ್ಲ್ ಭಾಷೆಯ 5.10 ಬೇಕು, ಇಲ್ಲಿ 5.8.8 ಇದೆ.

ಸೋರ್ಸ್ ಇಳಿಸಲು ಹಳೇ ಪಿಸಿಯಿಂದ ಪ್ರಯತ್ನಿಸಬೇಡಿ. ಅದರ ಓಪನ್‌ಎಸ್‌ಎಸ್‌ಎಲ್ 0.9.8ಕ್ಕೆ ತಾಣಗಳ ಗೂಢಲಿಪಿ ಮಾತಾದ ಟಿಎಲ್‌ಎಸ್‌ನಲ್ಲಿ 1.0ರ ಮೇಲೆ ಬರುವುದಿಲ್ಲ, ಇವತ್ತಿನ ತಾಣಗಳು ಬಾಗಿಲಲ್ಲೇ ವಾಪಸ್ ಕಳಿಸುತ್ತವೆ. ಬೇರೆ ಲ್ಯಾಪ್‌ಟಾಪಿನಲ್ಲಿ ಇಳಿಸಿ, ಕಡತ ಸರಿಯಿದೆಯೇ ಎಂದು ಶಾ-256 ಮೊತ್ತ ತಾಳೆ ನೋಡಿ, ಪೆನ್‌ಡ್ರೈವಿನಲ್ಲಿ ತನ್ನಿ. ಪೆನ್‌ಡ್ರೈವ್ ಫ್ಯಾಟ್32 ಇರಲಿ; ಎಕ್ಸ್‌ಫ್ಯಾಟ್ ಈ ಕರ್ನಲ್‌ಗೆ ಓದಲು ಬಾರದು. ಸೋರ್ಸಿನ ಗಂಟಾದ ಟಾರ್ ಕಡತ ಜಿಜ಼ಡ್ ಅಥವಾ ಬಿಜ಼ಡ್2 ಆಗಿರಲಿ, ಇಲ್ಲಿನ ಟಾರ್‌ಗೆ ಎಕ್ಸ್‌ಜ಼ಡ್ ಗೊತ್ತಿಲ್ಲ. ಬಿಚ್ಚಿದ ಫೋಲ್ಡರನ್ನು ಫ್ಯಾಟ್32 ಮೇಲೆ ಹಾಕಿ ತರಬೇಡಿ. ಅದರಲ್ಲಿ ಲಿನಕ್ಸ್‌ನ ಅನುಮತಿಗಳೂ ಸಿಂಬಾಲಿಕ್ ಲಿಂಕ್‌ಗಳೂ ಉಳಿಯುವುದಿಲ್ಲ, ಕಟ್ಟುವ ಮುನ್ನ ಯಂತ್ರವನ್ನು ಪರೀಕ್ಷಿಸುವ ಕಾನ್ಫಿಗರ್ ಸ್ಕ್ರಿಪ್ಟ್ ಓಡಿಸಲು ಹೋದರೆ ‘ಪರ್ಮಿಷನ್ ಡಿನೈಡ್’ ಎನ್ನಬಹುದು. ಕಂಪೈಲರ್ ಆದ ಜಿಸಿಸಿ, ಮೇಕ್, ಜಿಲಿಬ್ ಮತ್ತು ಫ್ಯೂಸ್‌ನ ಡೆವೆಲ್ (ಕಟ್ಟಲು ಬೇಕಾದ ಹೆಡರ್‌ಗಳ) ಪ್ಯಾಕೇಜುಗಳು ಸೆಂಟ್‌ಓಎಸ್‌ನ ಹಳೇ ಆವೃತ್ತಿಗಳ ವಾಲ್ಟ್ ಭಂಡಾರದ 5.11 ಫೋಲ್ಡರಿನಲ್ಲಿ ಸಿಗುತ್ತವೆ.

ಕಟ್ಟುವುದು ಎಲ್ಲಿ? ಹೊಸ ಲ್ಯಾಪ್‌ಟಾಪಿನಲ್ಲಿ ನೇರವಾಗಿ ಕಟ್ಟಿ ತಂದರೆ ನಡೆಯದು. ಪ್ರೋಗ್ರಾಮುಗಳೆಲ್ಲ ನೆಚ್ಚುವ ಮೂಲ ಲೈಬ್ರರಿ ಜಿಲಿಬ್‌ಸಿ. ಹಳೇ ಜಿಲಿಬ್‌ಸಿ ಮೇಲೆ ಕಟ್ಟಿದ್ದು ಹೊಸದರಲ್ಲಿ ಓಡುತ್ತದೆ. ಹೊಸದರ ಮೇಲೆ ಕಟ್ಟಿದ್ದು ಹಳೆಯದರಲ್ಲಿ ಓಡದು. ಎಲ್ಲವನ್ನೂ ಒಳಗೇ ತುಂಬಿ ಸ್ಟ್ಯಾಟಿಕ್ ಆಗಿ ಕಟ್ಟುತ್ತೇನೆ ಎಂದರೂ, ಜಿಲಿಬ್‌ಸಿ 2.26ರಿಂದ ಮುಂದಕ್ಕೆ ಕನಿಷ್ಠ 3.2ರ ಕರ್ನಲ್ ಬೇಕು. 2.6.18ರ ಮೇಲೆ ‘ಕರ್ನಲ್ ಟೂ ಓಲ್ಡ್’ ಎಂದು ಹೇಳಿ ಮಲಗುತ್ತದೆ. ಲ್ಯಾಪ್‌ಟಾಪಿನಲ್ಲಿ ವರ್ಚುವಲ್ ಯಂತ್ರ ಮಾಡಿ ಅದರೊಳಗೆ ಸೆಂಟ್‌ಓಎಸ್ 5.11 ಹಾಕಿ ಕಟ್ಟುವುದು ಒಳ್ಳೆಯದು, ಕೆಟ್ಟರೆ ಅಳಿಸಿ ಮತ್ತೆ ಶುರುಮಾಡಬಹುದು. ತೂಕದ ಪಿಸಿ 32 ಬಿಟ್ ಆದರೆ ಇದೂ 32 ಬಿಟ್ ಇರಲಿ.

ಮೂರನ್ನೂ ‘ಆಪ್ಟ್’ (/opt) ಒಳಗಿನ ಒಂದು ಪ್ರತ್ಯೇಕ ಫೋಲ್ಡರಿಗೆ ಕಟ್ಟಿ. ವ್ಯವಸ್ಥೆಯ ಹಳೇ ಎಸ್‌ಎಸ್‌ಎಚ್, ಹಳೇ ಓಪನ್‌ಎಸ್‌ಎಸ್‌ಎಲ್ ಮೇಲೆ ಬರೆಯಬಾರದು. ಪ್ಯಾಕೇಜು ಹಾಕುವ ಯಮ್ಮು, ಲಾಗಿನ್ನು ಎಲ್ಲ ಅವನ್ನೇ ನೆಚ್ಚಿಕೊಂಡಿವೆ. ಓಪನ್‌ಎಸ್‌ಎಸ್‌ಎಲ್‌ಗೆ ‘ನೋ-ಶೇರ್ಡ್’ ಕೊಟ್ಟರೆ ಅದು ಪ್ರೋಗ್ರಾಮಿನೊಳಗೇ ಸೇರಿ, ಓಡುವಾಗ ಲೈಬ್ರರಿ ಹುಡುಕುವ ತಂಟೆ ತಪ್ಪುತ್ತದೆ. ಓಪನ್‌ಎಸ್‌ಎಸ್‌ಎಚ್‌ನ ಕಾನ್ಫಿಗರ್‌ಗೆ ಆ ಫೋಲ್ಡರಿನ ದಾರಿ ತೋರಿಸದಿದ್ದರೆ, ಅಥವಾ ಹಳೇ ಓಪನ್‌ಎಸ್‌ಎಸ್‌ಎಲ್‌ನ ಡೆವೆಲ್ ಪ್ಯಾಕೇಜು ಅಡ್ಡ ಬಂದರೆ, ಹೆಡರಿಗೂ ಲೈಬ್ರರಿಗೂ ಹೊಂದಿಕೆಯಿಲ್ಲ ಎಂದು ನಿಲ್ಲುತ್ತದೆ. ಕಾನ್ಫಿಗರ್ ನಿಂತಾಗ ಪರದೆಯ ಕೊನೆಯ ಸಾಲನ್ನು ನಂಬಬೇಡಿ. ಅದೇ ಫೋಲ್ಡರಿನ ಕಾನ್ಫಿಗ್ ಲಾಗ್ ತೆರೆದು ಕೆಳಗಿನಿಂದ ಮೇಲಕ್ಕೆ ಓದಿ, ನಿಜವಾದ ತಪ್ಪು ಅಲ್ಲಿರುತ್ತದೆ.

ವರ್ಚುವಲ್ ಯಂತ್ರದ ಸೌಕರ್ಯವಿಲ್ಲದೆ ತೂಕದ ಪಿಸಿಯಲ್ಲೇ ಕಟ್ಟುವುದಾದರೆ ಮಳೆಗಾಲವೇ ಬಿಡುವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಕ್ಕಡಿಗೆ ಕೆಲಸವಿಲ್ಲ; ಆದರೆ ಕರೆಂಟೂ ಇಲ್ಲ. ಇಲ್ಲಿ ಒಂದು ವಿಚಿತ್ರ ತೊಂದರೆ ಎದುರಾಗುತ್ತದೆ. ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಹೆದರಿ ಕೊಡಗಿನಲ್ಲಿ ಪ್ಲಗ್ ಕಿತ್ತಿಡುವುದು ರೂಢಿ, ಸರಿಯಾದದ್ದೇ. ಪ್ಲಗ್ ಕಿತ್ತ ಮೇಲೆ ಪಿಸಿಯ ಗಡಿಯಾರವನ್ನು ನಡೆಸುವುದು ಮದರ್‌ಬೋರ್ಡಿನ ಸಿಆರ್2032 ಎಂಬ 3 ವೋಲ್ಟಿನ ಬಿಲ್ಲೆ. ವರ್ಷವರ್ಷವೂ ತಿಂಗಳುಗಟ್ಟಲೆ ಹೀಗೆ ಬಿಟ್ಟರೆ ಒಂದು ದಿನ ಅದು ಬರಿದಾಗುತ್ತದೆ, ಕರೆಂಟು ಬಂದಾಗ ಪಿಸಿ ಯಾವುದೋ ಹಳೇ ವರ್ಷಕ್ಕೆ ಹೋಗಿ ಕೂತಿರುತ್ತದೆ.

ದಿನಾಂಕಕ್ಕೂ ಕಂಪೈಲಿಗೂ ಏನು ಸಂಬಂಧ? ಮೇಕ್ ಎಂಬ ಉಪಕರಣ ಏನನ್ನು ಮತ್ತೆ ಕಟ್ಟಬೇಕೆಂದು ತೀರ್ಮಾನಿಸುವುದೇ ಕಡತಗಳ ಸಮಯ ಹೋಲಿಸಿ. ಟಾರ್‌ನಿಂದ ಬಿಚ್ಚಿದ ಸೋರ್ಸ್ 2018ರದ್ದು, ಪಿಸಿ ಪ್ರಕಾರ ಇವತ್ತು 2008 ಎಂದರೆ, ಈಗ ತಾನೇ ಕಟ್ಟಿದ ಕಡತ ಸೋರ್ಸ್‌ಗಿಂತ ಹತ್ತು ವರ್ಷ ಹಳತು. ‘ಕ್ಲಾಕ್ ಸ್ಕ್ಯೂ ಡಿಟೆಕ್ಟೆಡ್’ ಎಂಬ ಎಚ್ಚರಿಕೆ ಬರುತ್ತದೆ, ಕಟ್ಟಿದ್ದನ್ನೇ ಮತ್ತೆ ಕಟ್ಟುತ್ತದೆ. ಕೆಲವು ಕಾನ್ಫಿಗರ್‌ಗಳು ಹೊಸದಾಗಿ ಮಾಡಿದ ಕಡತ ಹಂಚಿದ್ದಕ್ಕಿಂತ ಹಳೆಯದಾಗಿದೆ, ಗಡಿಯಾರ ನೋಡಿಕೊಳ್ಳಿ ಎಂದು ನೇರವಾಗಿ ಹೇಳಿ ನಿಲ್ಲುತ್ತವೆ. ಬಿಲ್ಲೆ ಬದಲಿಸಿ, ದಿನಾಂಕ ಸರಿಪಡಿಸಿ, ಅದನ್ನು ಹಾರ್ಡ್‌ವೇರ್ ಗಡಿಯಾರಕ್ಕೂ ಬರೆಸಿ, ಅರ್ಧ ಕಟ್ಟಿದ ಫೋಲ್ಡರ್ ಅಳಿಸಿ ಮೊದಲಿನಿಂದ ಬಿಚ್ಚಿ. ಅರ್ಧದ ಮೇಲೆ ಮುಂದುವರಿಸಿದರೆ ಬಗೆಹರಿಯದು.

ಥಂಡಿಯ ಉಪದ್ರ ಬೇರೆ: ಪಿಸಿಯೊಳಗಿನ ಲೋಹದ ಅಂಚುಗಳಿಗೆ ಕೊಳೆ ಹತ್ತಿ ಸಂಪರ್ಕ ಕೆಡುತ್ತದೆ. ಕಂಪೈಲರ್ ಒಮ್ಮೆ ಒಂದು ಕಡತದಲ್ಲಿ, ಮತ್ತೊಮ್ಮೆ ಇನ್ನೊಂದರಲ್ಲಿ ‘ಸೆಗ್ಮೆಂಟೇಷನ್ ಫಾಲ್ಟ್’ ಎಂದು ಬಿದ್ದರೆ ಮೊದಲು ರ್‍ಯಾಮ್ ಮೇಲೆ ಅನುಮಾನ ಪಡಿ. ಒಂದೇ ಕಡತದ ಒಂದೇ ಸಾಲಿನಲ್ಲಿ ಬೀಳುತ್ತಿದ್ದರೆ ಅದು ತಂತ್ರಾಂಶದ ದೋಷ. ರ್‍ಯಾಮ್ ಪಟ್ಟಿ ತೆಗೆದು ಅದರ ಬಂಗಾರದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಊದಿ, ಮತ್ತೆ ಕೂರಿಸಿ, ಅದನ್ನು ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿ.

ಕಟ್ಟಿದ್ದಾದ ಮೇಲೆ ಹೊಸ ಎಸ್‌ಎಸ್‌ಎಚ್ ಕೀಜನ್‌ನಿಂದ ಇಡಿ25519 ಬಗೆಯ ಕೀಲಿಜೋಡಿ ಮಾಡಿ ಅದರ ಸಾರ್ವಜನಿಕ ಅರ್ಧವನ್ನು ನಾಸ್‌ಗೆ ಕೊಡಿ. ಮೌಂಟ್ ಮಾಡುವಾಗ ‘ಎಸ್‌ಎಸ್‌ಎಚ್ ಕಮಾಂಡ್’ ಆಯ್ಕೆಯಲ್ಲಿ ಆಪ್ಟ್ ಒಳಗಿನ ಹೊಸ ಎಸ್‌ಎಸ್‌ಎಚ್‌ನ ಪೂರ್ತಿ ದಾರಿ ಬರೆಯಬೇಕು. ಮರೆತರೆ 4.3 ಎದ್ದು ಬಂದು ಮತ್ತೆ ಹಳೇ ಕಥೆ. ‘ಫ್ಯೂಸರ್‌ಮೌಂಟ್’ ಅನುಮತಿ ಇಲ್ಲ ಎಂದರೆ ಬಳಕೆದಾರನನ್ನು ಫ್ಯೂಸ್ ಗುಂಪಿಗೆ ಸೇರಿಸಿ, ಲಾಗ್ ಔಟ್ ಆಗಿ ಮತ್ತೆ ಬನ್ನಿ. ಇಷ್ಟು ಹಳೇ ಪಿಸಿಯನ್ನು ಇಂಟರ್‌ನೆಟ್ಟಿಗೆ ಬಿಡಬೇಡಿ. ಫೈರ್‌ವಾಲಿನಲ್ಲಿ ನಾಸ್‌ನ ಐಪಿಯ 22ನೇ ಪೋರ್ಟ್ ಒಂದನ್ನೇ ತೆರೆದಿಡಿ.

ಸಂಪರ್ಕ ಕಡಿದಾಗ ಏನಾಗುತ್ತದೆ ಎನ್ನುವುದೇ ಇಲ್ಲಿ ಮುಖ್ಯ. ಏನೂ ಹೇಳದೆ ಮೌಂಟ್ ಮಾಡಿದರೆ, ಮರ ಬಿದ್ದು ಲೈನ್ ಹೋದಾಗ ಆ ಫೋಲ್ಡರನ್ನು ಮುಟ್ಟಿದ ಪ್ರೋಗ್ರಾಮೆಲ್ಲ ನಿಂತಲ್ಲೇ ನಿಲ್ಲುತ್ತದೆ. ‘ರೀಕನೆಕ್ಟ್’ ಜೊತೆಗೆ ಸರ್ವರ್ ಅಲೈವ್ (ಆ ಕಡೆ ಎಚ್ಚರವಿದೆಯೇ ಎಂದು ಕೇಳುವ) ಅವಧಿ 15 ಸೆಕೆಂಡ್, ಎಣಿಕೆ 3 ಎಂದು ಕೊಟ್ಟರೆ ಸುಮಾರು 45 ಸೆಕೆಂಡಿನಲ್ಲಿ ಕಡಿದದ್ದು ಗೊತ್ತಾಗಿ ದೋಷ ವಾಪಸ್ ಬರುತ್ತದೆ, ಲೈನ್ ಬಂದಾಗ ತಾನೇ ಜೋಡಿಸಿಕೊಳ್ಳುತ್ತದೆ. ಹಾಗಿದ್ದರೂ ತೂಕದ ತಂತ್ರಾಂಶ ನೇರವಾಗಿ ಈ ಫೋಲ್ಡರಿಗೆ ಬರೆಯದಿರಲಿ. ಚೀಟಿ ಮೊದಲು ಸ್ಥಳೀಯ ಡಿಸ್ಕಿಗೆ, ಅಲ್ಲಿಂದ ಪುಟ್ಟದೊಂದು ಸ್ಕ್ರಿಪ್ಟ್ ದೂರದ ಫೋಲ್ಡರಿಗೆ ಬೇರೆ ಹೆಸರಲ್ಲಿ ನಕಲಿಸಿ, ಗಾತ್ರ ತಾಳೆ ನೋಡಿ, ಕೊನೆಗೆ ಸರಿ ಹೆಸರು ಇಡಲಿ. ಎರಡು ಪಿಸಿಗಳು ಒಂದೇ ಕಡತಕ್ಕೆ ಬರೆಯುವಂತೆ ಮಾತ್ರ ಎಂದೂ ಇಡಬೇಡಿ, ಎಸ್‌ಎಸ್‌ಎಚ್‌ಎಫ್‌ಎಸ್‌ನಲ್ಲಿ ಒಂದು ಯಂತ್ರ ಕಡತಕ್ಕೆ ಹಾಕಿದ ಬೀಗ (ಲಾಕ್) ಇನ್ನೊಂದಕ್ಕೆ ಕಾಣುವುದಿಲ್ಲ.

ಒಪ್ಪಿಸುವ ಮೊದಲು, ಒಂದು ದೊಡ್ಡ ಕಡತ ನಕಲಾಗುತ್ತಿರುವಾಗಲೇ ನೆಟ್‌ವರ್ಕ್ ಕೇಬಲ್ ಕಿತ್ತು ಎರಡು ನಿಮಿಷ ಬಿಟ್ಟು ಸಿಕ್ಕಿಸಿ. ನಕಲು ದೋಷ ಹೇಳಿ ನಿಲ್ಲಬೇಕು, ಅರ್ಧ ಕಡತಕ್ಕೆ ಸರಿ ಹೆಸರು ಬಂದಿರಬಾರದು, ಆ ಹೊತ್ತಿಗೆ ತಕ್ಕಡಿಯ ಚೀಟಿ ಎಂದಿನಂತೆ ಮುದ್ರಣವಾಗುತ್ತಲೇ ಇರಬೇಕು. ಆಮೇಲೆ ಪ್ಲಗ್ ಕಿತ್ತು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಹಾಕಿದಾಗ ದಿನಾಂಕ ಸರಿಯಿದ್ದು ಫೋಲ್ಡರ್ ತಾನಾಗಿ ಬಂದರೆ, ಮೂರು ಟಾರ್ ಕಡತಗಳನ್ನೂ ಕಟ್ಟಿದಾಗ ಕೊಟ್ಟ ಆದೇಶಗಳನ್ನೂ ಒಂದು ಡಿವಿಡಿಗೆ ಬರೆದು ಥಂಡಿ ತಾಗದ ಡಬ್ಬದಲ್ಲಿ ತೆಗೆದಿಡಿ. ಹಾರ್ಡ್ ಡಿಸ್ಕ್ ಸತ್ತ ದಿನ ಬೇಕಾಗುತ್ತದೆ.